ಮದುವೆಗೆ ಮುಂಚೆ ಎದ್ದು ನಿಂತ ಹೆಣ

ಬೆಳಗಿನ ಜಾವ. ಸಾಯ್ ಕುಂಗ್‌ನ ಹಳೇ ಮೀನುದೋಣಿ ಕಟ್ಟೆಯ ಮೇಲೆ ಮೋಕ್ ಕಾಮ್‌ಶುಯಿ ಸತ್ತು ಬಿದ್ದಿದ್ದಾರೆ. ಎಡಗೆನ್ನೆ ಸಿಮೆಂಟಿಗೆ ಒತ್ತಿದೆ, ಒಂದು ಕೈ ಹೊಟ್ಟೆಯಡಿ ಸಿಕ್ಕಿಕೊಂಡಿದೆ, ಕಿವಿಯ ಹಿಂದಿನಿಂದ ಇಳಿದ ನೆತ್ತರು ಕಾಲರಿನ ಮೇಲೆ ಹೆಪ್ಪುಗಟ್ಟಿದೆ. ನೆತ್ತರೆಂದರೆ ಬಣ್ಣ ಬೆರೆಸಿದ ಸಕ್ಕರೆ ಪಾಕ. ಮನುಷ್ಯರಿಗೆ ಮೋಸವಾದರೂ ಇರುವೆಗೆ ಮೋಸವಾಗುವುದಿಲ್ಲ. ಒಂದು ಸಾಲು ಇರುವೆ ಅವರ ಕತ್ತಿನ ಕಡೆಗೆ ಹೊರಟಿದೆ. ಅವರು ಕದಲುವುದಿಲ್ಲ. ಕೊರಿಯಾದಿಂದ ಬಂದ ಧಾರಾವಾಹಿ ತಂಡದ ನಾಯಕನಟ ಈ ಹೆಣವನ್ನು ಹಾರಿಕೊಂಡು ಓಡಬೇಕು. ಹುಡುಗ ಚೆಲುವ, ಆದರೆ ಕಾಲು ಅವನ ಮಾತು ಕೇಳುವುದಿಲ್ಲ. ಎರಡು ಸಲ ಎಡವಿ ಹೆಣದ ಮೇಲೇ ಕುಕ್ಕರಿಸಿದ್ದಾನೆ. ಹೆಣ ಆಗಲೂ ಕದಲಿಲ್ಲ.

ಅಂತೂ ದೃಶ್ಯ ಒಪ್ಪಿಗೆಯಾಗುತ್ತದೆ. ನಾಯಕನಿಗೆ ಬಿಸಿ ಟವೆಲ್ಲು, ಕ್ಯಾಮೆರಾಕ್ಕೆ ಛತ್ರಿ. ಹೆಣದ ಬಳಿಗೆ ಬರುವವರು ಹುಂಗ್ ಅಕ್ಕ ಒಬ್ಬರೇ. ಗುಂಪಿನ ಪಾತ್ರಗಳಿಗೆ ಜನ ಒದಗಿಸುವುದು ಇವರ ಕೆಲಸ, ಬೈಗುಳಕ್ಕೆ ಹೆಸರಾದವರು. ಹತ್ತಿರ ನಿಂತು, ಶಾಲೆಯಲ್ಲಿ ಹಾಜರಿ ಕರೆದ ಹಾಗೆ ಪೂರ್ತಿ ಹೆಸರು ಹಿಡಿದು ಕರೆಯುತ್ತಾರೆ. "ಇದ್ದೀನಿ" ಅನ್ನುತ್ತದೆ ಹೆಣ. ಆಮೇಲೆ ಕಣ್ಣು ಬಿಡುತ್ತದೆ, ಮಂಡಿ ಹಿಡಿದುಕೊಂಡು ಏಳುತ್ತದೆ, ಎರಡೂ ಕೈ ಚಾಚಿ ಕೆಂಪು ಲಕೋಟೆ ತೆಗೆದುಕೊಳ್ಳುತ್ತದೆ. ಒಳಗಿರುವುದು ಚಿಲ್ಲರೆ ಕಾಸು, ಸಂಬಳವಲ್ಲ. ಸತ್ತವನನ್ನು ಮತ್ತೆ ಬದುಕಿರುವವರ ಲೆಕ್ಕಕ್ಕೆ ಸೇರಿಸಿಕೊಂಡ ಗುರುತು. ಆ ಕಾಸು ಮನೆ ಸೇರಬಾರದು, ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ಕಾಮ್‌ಶುಯಿ ಪಕ್ಕದ ಅಂಗಡಿಯಲ್ಲಿ ಬೆಣ್ಣೆ ಸಿಕ್ಕಿಸಿದ ಬನ್ನು, ಹಾಲು ಟೀ ಕೊಂಡು, ತಮ್ಮ ಜೊತೆಗೆ ಸತ್ತಿದ್ದ ಇನ್ನಿಬ್ಬರಿಗೂ ಹಂಚಿ, ಇರುವೆ ಕೊಡವಿಕೊಳ್ಳುತ್ತಾರೆ.

ಚಿತ್ರರಂಗದಲ್ಲಿ ಎಲ್ಲರೂ ಇವರನ್ನು ಕರೆಯುವುದು ಶುಯಿ ಚಿಕ್ಕಪ್ಪ ಅಂತಲೇ. ಹೆಣವಾಗುವುದೇ ಇವರ ಕಸುಬು. ಗುಂಡು ತಿಂದು ಬೀಳುವವರು, ಕಟ್ಟಡದಿಂದ ಹಾರುವವರು ಬೇರೆ. ಅದು ಸಾಹಸದವರ ಕೆಲಸ, ಅದಕ್ಕೆ ಚಪ್ಪಾಳೆ ಉಂಟು. ಬಿದ್ದ ಮೇಲೆ ಬಿದ್ದೇ ಇರುವವರು ಇವರು. ನಾಯಕ ಸಾಯುವುದು ಸುಲಭ, ಅವನಿಗೆ ಸಂಗೀತದ ಸಹಾಯವಿರುತ್ತದೆ, ತಲೆ ಇಡಲು ನಾಯಕಿಯ ತೊಡೆ ಇರುತ್ತದೆ. ಶುಯಿ ಚಿಕ್ಕಪ್ಪನಿಗೆ ಇರುವುದು ನೆಲ. ಕ್ಯಾಮೆರಾ ಎದೆಯ ಮೇಲೆ ಹಾದುಹೋಗುವಷ್ಟು ಹೊತ್ತು ಉಸಿರು ಹೊಟ್ಟೆಯ ಬುಡದಲ್ಲಿ ಅಡಗಿರಬೇಕು. ಚಳಿಗಾಲದಲ್ಲಿ ಕೊಲ್ಲಿಯ ನೀರಿನಲ್ಲಿ ತೇಲಿದ್ದಾರೆ, ಹಂದಿಗೂಡಿನಲ್ಲಿ ಮಲಗಿದ್ದಾರೆ. ಈಗ ಎರಡೂ ಮಂಡಿ ಹೋಗಿವೆ. "ಮಲಗೋಕೆ ತೊಂದ್ರೆ ಇಲ್ಲ. ಏಳೋದೇ ಕಷ್ಟ" ಅನ್ನುತ್ತಾರೆ.

ಈ ಊರಿನಲ್ಲಿ ಪರದೆಯ ಮೇಲೂ ಸಾಯಲು ಯಾರಿಗೂ ಇಷ್ಟವಿಲ್ಲ. ಗೋಡೆಗೆ ಹಾರ ಹಾಕಿದ ಫೋಟೋ ಆಗಲೂ ನಟರು ಮುಖ ಕಿವುಚುತ್ತಾರೆ. ಶುಯಿ ಚಿಕ್ಕಪ್ಪ ಮೊದಲು ಸ್ಟುಡಿಯೋದಲ್ಲಿ ಬಡಗಿಯಾಗಿದ್ದವರು. ಒಂದು ದಿನ ಶವಪೆಟ್ಟಿಗೆಯಲ್ಲಿ ಮಲಗಬೇಕಾದವನು ಪೆಟ್ಟಿಗೆ ನೋಡಿದವನೇ ಬಸ್ಸು ಹತ್ತಿದ. ನಿರ್ದೇಶಕರು ಕೂಗಾಡುತ್ತಿದ್ದರು. ಬಡಗಿ ಚಪ್ಪಲಿ ಬಿಟ್ಟು ಒಳಗೆ ಮಲಗಿದ. "ನಾನೇ ಮೊಳೆ ಹೊಡೆದ ಪೆಟ್ಟಿಗೆ. ನನಗೆಂಥ ಭಯ? ಒಳಗೆ ಹೋದ್ಮೇಲೆ ಒಂದು ಹಲಗೆ ಸರಿಯಾಗಿ ಕೂತಿಲ್ಲ ಅಂತ ಗೊತ್ತಾಯ್ತು, ಅಷ್ಟೇ." ಅವತ್ತು ಮಲಗಿದವರು ಇನ್ನೂ ಪೂರ್ತಿ ಎದ್ದಿಲ್ಲ.

ಕಸುಬು ಹೊಟ್ಟೆಗೆ ಅನ್ನ ಹಾಕಿತು, ನೆಂಟರನ್ನು ದೂರ ಮಾಡಿತು. ಹೊಸ ವರ್ಷದ ವಾರದಲ್ಲಿ ಕಟ್ಟಡದ ಕೆಲವರು ಇವರ ಜೊತೆ ಲಿಫ್ಟ್ ಹತ್ತುವುದಿಲ್ಲ, ಏನೋ ಮರೆತವರ ಹಾಗೆ ಹಿಂದಕ್ಕೆ ಹೋಗುತ್ತಾರೆ. ಬಂಧುಗಳ ಮದುವೆಯ ಕರೆಯೋಲೆ ಬರುವುದು ಹೆಂಡತಿ ಲಾಯ್‌ಹಾ ಚಿಕ್ಕಮ್ಮನ ಹೆಸರಿಗೆ ಮಾತ್ರ. ಅವರು ಒಬ್ಬರೇ ಹೋಗಿ ಉಂಡು, ಇವರ ಪಾಲಿನ ಬಾತುಕೋಳಿ ಕಟ್ಟಿಸಿಕೊಂಡು ಬರುತ್ತಾರೆ. ಈ ಊರ ಹೆಂಗಸರು ಗಂಡನ ಮೇಲೆ ಮುನಿಸೂ ಮುದ್ದೂ ಒಟ್ಟಿಗೆ ಬಂದರೆ 'ಸತ್ತ ದೆವ್ವ' ಎಂದು ಕರೆಯುವುದು ರೂಢಿ. ಲಾಯ್‌ಹಾ ಚಿಕ್ಕಮ್ಮ ಆ ಮಾತನ್ನು ಬಾಯಿಗೆ ತಂದವರಲ್ಲ. ಬೇರೆ ಬೈಗುಳಕ್ಕೇನೂ ಬರವಿಲ್ಲ.

ಜಗತ್ತು ದೊಡ್ಡದಾದ ಹಾಗೆ ಹೆಣದ ತಿರುಗಾಟವೂ ಹೆಚ್ಚಿತು. ಅಮೆರಿಕದವರಿಗೆ ನಮ್ಮ ಹೊಡೆದಾಟದ ಹುಚ್ಚು ಹಿಡಿದ ಕಾಲದಲ್ಲಿ ಇಲ್ಲಿನ ಸಾಹಸ ಗುರುಗಳನ್ನು ವಿಮಾನ ಹತ್ತಿಸಿದರು. ಗುರುಗಳು ತಮ್ಮ ಶಿಷ್ಯರನ್ನು, ಶಿಷ್ಯರು ತಮ್ಮ ಹೆಣಗಳನ್ನು ಕರೆದೊಯ್ದರು. ಶುಯಿ ಚಿಕ್ಕಪ್ಪ ವ್ಯಾಂಕೂವರಿನ ಮಳೆಯಲ್ಲಿ ಸತ್ತರು, ಪ್ರಾಗ್‌ನ ಹಿಮದಲ್ಲಿ ಸತ್ತರು. ಒಂದು ಸಿನಿಮಾದಲ್ಲಿ ಜಪಾನಿನವರಾಗಿ, ಇನ್ನೊಂದರಲ್ಲಿ ವಿಯೆಟ್ನಾಮಿನವರಾಗಿ, ಮತ್ತೊಂದರಲ್ಲಿ ಎಲ್ಲಿಯವರೆಂದು ಯಾರೂ ಹೇಳಲಿಲ್ಲ. ಈಗ ಗಾಳಿ ತಿರುಗಿದೆ, ಹೊರಗಿನವರೇ ಇಲ್ಲಿಗೆ ಬರುತ್ತಾರೆ. ದುಡ್ಡು ಲಂಡನ್ನಿನದು, ಕಥೆ ಸಿಯೋಲಿನದು, ಹೊಡೆದಾಟ ನಮ್ಮದು, ನೆತ್ತರಿಗೆ ಕೊನೆಯ ಬಣ್ಣ ಹಚ್ಚುವುದು ಹೈದರಾಬಾದಿನ ಹುಡುಗರು. ಅಳುವವರು ಟಿಕೆಟ್ ಕೊಂಡವರು, ಅವರು ಎಲ್ಲಾದರೂ ಇರಬಹುದು.

ಪಡುವಣದವರ ಹೆಣಕ್ಕೂ ನಮ್ಮ ಹೆಣಕ್ಕೂ ಒಂದು ವ್ಯತ್ಯಾಸ. ಅವರಿಗೆ ಸತ್ತವರು ಕಣ್ಣು ತೆರೆದಿರಬೇಕು, ಭೀಕರವಾಗಿ ಕಾಣಬೇಕು. ನಮ್ಮಲ್ಲಿ ಕಣ್ಣು ತೆರೆದು ಸತ್ತವನೆಂದರೆ ಬಾಕಿ ಉಳಿಸಿಕೊಂಡು ಹೋದವನು, ನೆಮ್ಮದಿಯಿಲ್ಲದವನು. ಎಷ್ಟು ದೇಶ ಸುತ್ತಿದರೂ ಶುಯಿ ಚಿಕ್ಕಪ್ಪ ಇದೊಂದನ್ನು ಬಿಟ್ಟುಕೊಡಲಿಲ್ಲ. "ಕಣ್ಣು ಬಿಟ್ಕೊಂಡು ಸಾಯೋಕೆ ನನಗೆ ಬರಲ್ಲ ಅಂದೆ. ಸರಿ, ಮುಚ್ಕೊಂಡೇ ಸಾಯಿ ಅಂದ್ರು." ಈ ಹಟವೇ ಹೋದ ವರ್ಷ ಅವರನ್ನು ಸಿಕ್ಕಿಸಿಹಾಕಿದ್ದು.

ಲಂಡನ್ನಿನ ಒಂದು ಕಂಪನಿ ಬಂದರಿನ ಯುದ್ಧದ ಸಿನಿಮಾ ತೆಗೆಯುತ್ತಿತ್ತು. ಕಟ್ಟೆಯ ತುಂಬ ಹೆಣ ಬೇಕು. ಅಷ್ಟು ಜನರನ್ನು ಮಲಗಿಸುವ ಬದಲು ಕೆಲವರನ್ನು ಮಾತ್ರ ಕರೆದು, ಸುತ್ತ ಕ್ಯಾಮೆರಾ ಜೋಡಿಸಿದ ಗೂಡಿನೊಳಗೆ ನಿಲ್ಲಿಸಿ, ಎಲ್ಲ ಕಡೆಯಿಂದ ಒಂದೇ ಏಟಿಗೆ ಫೋಟೋ ಹೊಡೆದು ಕಂಪ್ಯೂಟರಿಗೆ ತುಂಬಿಕೊಂಡರು. ಒಳಗೆ ಒಂದು ಮೋಕ್ ಕಾಮ್‌ಶುಯಿ ಇದ್ದರೆ ಸಾಕು, ಬೇಕಾದಷ್ಟು ಕಡೆ ಮಲಗಿಸಬಹುದು. ಗೂಡಿನೊಳಗೆ ನಿಂತಾಗ ಇವರು ಕೇಳಿದ್ದು ಒಂದೇ ಪ್ರಶ್ನೆ, ಪಾತ್ರ ಏನು ಅಂತ. ಹೆಣ ಅಂದರು. ಕಣ್ಣು ಮುಚ್ಚಿದರು. ಹೇಗೂ ಹೆಣಕ್ಕೆ ತಾನೇ ಎಂದು ಯಾರೂ ತೆರೆಸಲಿಲ್ಲ. ಮನುಷ್ಯ ನೆಟ್ಟಗೆ ನಿಂತಿದ್ದ, ಕೈ ಅಗಲಿಸಿದ್ದ. ಸತ್ತಿದ್ದಾನೆಂದು ಯಾರಿಗೂ ಅನ್ನಿಸಲಿಲ್ಲ. ಹಾಗಾಗಿ ಹೆಸರು ಹಿಡಿದು ಕರೆಯಲಿಲ್ಲ, ಕೆಂಪು ಲಕೋಟೆಯೂ ಬರಲಿಲ್ಲ. ಇವರೂ ಬಟ್ಟೆ ಬದಲಿಸಿ ಮನೆಗೆ ಬಂದು ಗಂಜಿ ಕುಡಿದರು.

ಸುದ್ದಿ ಲಾಯ್‌ಹಾ ಚಿಕ್ಕಮ್ಮನಿಗೆ ತಲುಪಿದ್ದು ತರಕಾರಿ ಸಂತೆಯಲ್ಲಿ. ಹುಂಗ್ ಅಕ್ಕ ಪಾಲಕ್ ಆರಿಸುತ್ತ ಆರಿಸುತ್ತ, ನಿನ್ನ ಗಂಡನ ಹೊಸ ಪ್ರತಾಪ ಕೇಳಿದೆಯಾ, ಬಂದರಿನ ತುಂಬ ಅವನೇ ಬಿದ್ದಿದ್ದಾನೆ, ಕಂಪನಿಯ ಕಂಪ್ಯೂಟರಿನಲ್ಲಿ ನಾನೇ ನೋಡಿ ಬಂದೆ ಎಂದು ನಕ್ಕರು. ಚಿಕ್ಕಮ್ಮ ನಗಲಿಲ್ಲ. ಎಬ್ಬಿಸಿದವರು ಯಾರು ಎಂದು ಕೇಳಿದರು. ಹುಂಗ್ ಅಕ್ಕನ ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತು.

ಆ ತಿಂಗಳ ಕೊನೆಗೆ ಮಗಳು ಪುಯಿಯೀ ಮದುವೆ. ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ ಮಾಡುವ ಹುಡುಗಿ, ಒಬ್ಬಳೇ ಮಗಳು. ಮದುವೆಯ ಬೆಳಿಗ್ಗೆ ಹೆಣ್ಣು ಗಂಡು ಇಬ್ಬರೂ ಮಂಡಿಯೂರಿ ತಂದೆತಾಯಿಗೆ ಟೀ ಬಟ್ಟಲು ಕೊಡಬೇಕು, ಅವರು ಕುಡಿದು ಹರಸಬೇಕು. ಅದಿಲ್ಲದೆ ಮದುವೆ ಮದುವೆಯೇ ಅಲ್ಲ. ಲಾಯ್‌ಹಾ ಚಿಕ್ಕಮ್ಮ ಊಟದ ಮೇಜಿನಲ್ಲಿ ತೀರ್ಪು ಹೇಳಿಬಿಟ್ಟರು. ಎಲ್ಲೋ ಒಂದು ಕಡೆ ಇವನು ಹೆಣವಾಗಿ ಬಿದ್ದಿದ್ದಾನೆ, ಯಾರೂ ಎಬ್ಬಿಸಿಲ್ಲ. ಏಳುವ ತನಕ ಆ ಬಟ್ಟಲು ಇವನ ಕೈಗೆ ಹೋಗಬಾರದು. ಮಗಳ ಬಾಳಿನ ಪ್ರಶ್ನೆ.

"ಅಮ್ಮಾ, ಅದು ಕಂಪ್ಯೂಟರ್ ಅಮ್ಮಾ" ಎಂದಳು ಪುಯಿಯೀ.

"ಎಲ್ಲಿ ಬಿದ್ದಿದ್ರೇನೇ, ಬಿದ್ದಿರೋನು ನಿಮ್ಮಪ್ಪ ತಾನೆ?"

ಹುಡುಗಿ ವಾದ ಮಾಡಿದಳು, ಅತ್ತಳು, ಅಪ್ಪ ಟೀ ಕುಡಿಯದಿದ್ದರೆ ನಾನು ಯಾರ ಮುಂದೂ ಮಂಡಿಯೂರುವುದಿಲ್ಲ ಎಂದು ಕೋಣೆ ಸೇರಿಕೊಂಡಳು. ಶುಯಿ ಚಿಕ್ಕಪ್ಪ ನಡುವೆ ಕೂತು ಮೀನಿನ ಮುಳ್ಳು ಆರಿಸುತ್ತಿದ್ದರು. ಇವರಿಗೇನು, ನಂಬಿಕೆಯೇ? "ನಂಬ್ತೀನೋ ಇಲ್ವೋ ಬೇರೆ ಮಾತು. ಇಷ್ಟು ವರ್ಷ ಒಂದ್ಸಲಾನೂ ಯಾರೂ ಕರೀದೆ ಎದ್ದು ಬಂದೋನಲ್ಲ ನಾನು. ಈಗ ನೋಡಿದ್ರೆ ಅಲ್ಲಿಂದ ಬಂದೇ ಇಲ್ಲ ಅಂತಾರೆ. ಎದೆಯೊಳಗೆ ಒಂಥರಾ ಆಗುತ್ತೆ." ಬೇರೆಯವರ ಮದುವೆಗೆ ಹೋಗದಿದ್ದರೂ ನಡೆಯುತ್ತದೆ. ಸ್ವಂತ ಮಗಳ ಮದುವೆಯಲ್ಲಿ ಬಾಗಿಲಾಚೆ ನಿಲ್ಲುವುದು ಹೇಗೆ?

ಮರುದಿನ ಗಂಡ ಹೆಂಡತಿ ಇಬ್ಬರೂ ಕ್ವುನ್ ತೊಂಗ್‌ನ ಹಳೇ ಗಾರ್ಮೆಂಟ್ ಕಟ್ಟಡ ಹತ್ತಿದರು. ಈಗ ಅಲ್ಲಿ ಹೊಲಿಗೆ ಯಂತ್ರಗಳಿಲ್ಲ, ಲಂಡನ್ ಕಂಪನಿಯ ಪರದೆಗಳಿವೆ. ಅಲ್ಲಿ ಕಂಪ್ಯೂಟರಿಗೆ ತುಂಬಿಕೊಂಡ ಈ ಮನುಷ್ಯರ ಬೊಂಬೆಗಳ ಉಸ್ತುವಾರಿ ಓರ್ಲಾ ಎಂಬಾಕೆಯದು. ಐರ್ಲೆಂಡಿನ ಹೆಣ್ಣುಮಗಳು, ಇಲ್ಲಿಗೆ ಬಂದು ಬಹಳ ಕಾಲವಾಗಿದೆ, ನಮ್ಮ ಭಾಷೆಯನ್ನು ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದ ಹಾಗೆ ಮಾತಾಡುತ್ತಾರೆ, ಆದರೂ ನಿಲ್ಲಿಸುವುದಿಲ್ಲ. ವಿಷಯ ಕೇಳಿ ನಗಲಿಲ್ಲ. ತಮ್ಮ ಊರಿನಲ್ಲೂ ಸತ್ತವರ ಮನೆಯಲ್ಲಿ ಕನ್ನಡಿಗೆ ಬಟ್ಟೆ ಮುಚ್ಚುತ್ತಿದ್ದರು, ಅಜ್ಜಿ ಹಾಗೇ ಮಾಡುತ್ತಿದ್ದಳು ಅಂದರು. ಕೂಡಲೇ ಕೈಚೀಲ ತೆಗೆದು, ಕೆಂಪು ಲಕೋಟೆ ನಾನೇ ಕೊಡುತ್ತೇನೆ ಅಂದರು.

ಚಿಕ್ಕಮ್ಮ ಒಪ್ಪಲಿಲ್ಲ. ಲಕೋಟೆ ಏಳುವವನಿಗೆ. ಎದ್ದವರು ಯಾರು? ಓರ್ಲಾ ಪರದೆಯ ಮೇಲೆ ಸಿನಿಮಾದ ಬಂದರನ್ನು ತೋರಿಸಿದರು. ಕಟ್ಟೆಯುದ್ದಕ್ಕೂ ಶುಯಿ ಚಿಕ್ಕಪ್ಪಂದಿರು. ಒಬ್ಬ ಅಂಗಾತ, ಒಬ್ಬ ಬೋರಲು, ಒಬ್ಬ ನೀರಿನಲ್ಲಿ, ಕೆಲವರಿಗೆ ಗಡ್ಡ. ಚಿಕ್ಕಮ್ಮ ಗಂಡನ ತೋಳು ಹಿಡಿದುಕೊಂಡರು. ಓರ್ಲಾ ಎಲ್ಲರನ್ನೂ ಸರಿಸಿ, ಮೂಲ ಬೊಂಬೆಯೊಂದನ್ನೇ ತಂದು ನೆಟ್ಟಗೆ ನಿಲ್ಲಿಸಿದರು. ನಿಂತಿತು. ಕಣ್ಣು ಮುಚ್ಚಿಯೇ ಇತ್ತು.

"ಕಣ್ಣು ತೆರೆಸಮ್ಮಾ" ಎಂದರು ಚಿಕ್ಕಮ್ಮ.

ರೆಪ್ಪೆ ಎತ್ತಲು ಬರುತ್ತದೆ, ಆದರೆ ಕೆಳಗೆ ಏನೂ ಇಲ್ಲ. ಮುಚ್ಚಿದ ಕಣ್ಣಿನ ಫೋಟೋ ತೆಗೆದರೆ ರೆಪ್ಪೆ ಮಾತ್ರ ಬರುವುದು. ಬೇಕಿದ್ದರೆ ಬೇರೆಯವರ ಕಣ್ಣು ಕೂರಿಸಬಹುದು, ಕಂಪನಿಯ ಹತ್ತಿರ ಸಂಗ್ರಹವಿದೆ, ಒಬ್ಬ ಬಲ್ಗೇರಿಯಾದ ನಟನದು ಹೆಚ್ಚುಕಡಿಮೆ ಇದೇ ಬಣ್ಣ ಎಂದು ಓರ್ಲಾ ಹುಡುಕತೊಡಗಿದರು. ಪರಗಂಡಸಿನ ಕಣ್ಣು ಹಾಕಿಕೊಂಡು ನನ್ನ ಗಂಡ ನನ್ನನ್ನು ನೋಡುವುದು ಬೇಡ ಎಂದರು ಚಿಕ್ಕಮ್ಮ. ಹಾಗಾದರೆ ಪೂರ್ತಿ ಅಳಿಸಿಬಿಡೋಣವೇ, ಮೇಲಿನವರಿಗೆ ನಾನು ಹೇಗೋ ಹೇಳಿಕೊಳ್ಳುತ್ತೇನೆ ಎಂದರು ಓರ್ಲಾ. ಅದಕ್ಕೆ ಶುಯಿ ಚಿಕ್ಕಪ್ಪ ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ತೆರೆದರು. "ಅದು ಸುಟ್ಟ ಹಾಗೇ ಆಯ್ತಲ್ಲಮ್ಮಾ."

ಯಾರೋ ಟೀ ತಂದಿಟ್ಟರು. ದಾರಿ ಕಂಡದ್ದು ಚಿಕ್ಕಮ್ಮನಿಗೇ. ಅವನು ಕಣ್ಣು ಮುಚ್ಚಿ ಒಳಗೆ ಹೋದದ್ದರಿಂದ ತಾನೇ ಈ ಪಾಡು? ಕಣ್ಣು ಬಿಟ್ಟುಕೊಂಡು ಇನ್ನೊಂದು ಸಲ ಹೋಗಲಿ. ಬದುಕಿರುವವನಾಗಿ ಹೋಗಲಿ. ಆಮೇಲೆ ಹೆಸರು ಕರೆಯೋಣ. ಓರ್ಲಾ ಗಡಿಯಾರ ನೋಡಿ, ಊಟದ ಬಿಡುವಿನಲ್ಲಿ ಗೂಡು ಖಾಲಿ ಇರುತ್ತದೆ ಬನ್ನಿ ಅಂದರು.

ಇಷ್ಟು ಸುಲಭವಾಗಿ ಮುಗಿಯುತ್ತದೆ ಅಂದುಕೊಂಡಿದ್ದರು. ಮುಗಿಯಲಿಲ್ಲ. ಶುಯಿ ಚಿಕ್ಕಪ್ಪ ಗೂಡಿನ ನಡುವೆ ನಿಂತರು. ಓರ್ಲಾ ತಯಾರಾಗಿ ಅಂದರು. ಅಂದದ್ದೇ ತಡ, ದವಡೆ ಜೋತುಬಿತ್ತು, ಉಸಿರು ಅಡಗಿತು, ಮುಖದಿಂದ ಮನುಷ್ಯ ಎದ್ದು ಹೋದ. ಕಣ್ಣು ತೆರೆದಿತ್ತು ನಿಜ. ಆದರೆ ಅದು ಮೊದಲಿನ ಹೆಣಕ್ಕಿಂತ ಭಯಂಕರವಾದ ಹೆಣ. ಮತ್ತೆ ತೆಗೆದರು, ಮತ್ತೆ ಹಾಗೇ. ನಕ್ಕುಬಿಡಿ ಅಂದರೆ ಹಲ್ಲು ಕಿರಿದ ಹೆಣ. ಕ್ಯಾಮೆರಾ ಕಂಡರೆ ಸಾಯುವುದು ಈ ದೇಹಕ್ಕೆ ಅಷ್ಟು ರೂಢಿಯಾಗಿಬಿಟ್ಟಿತ್ತು.

"ಶುಯಿ ಚಿಕ್ಕಪ್ಪಾ, ಏನೂ ಮಾಡ್ಬೇಡಿ, ಮಾಮೂಲಿ ಥರ ನಿಂತ್ಕೊಳ್ಳಿ" ಎಂದರು ಓರ್ಲಾ.

"ಇದೇ ನನ್ನ ಮಾಮೂಲಿ ಕಣಮ್ಮಾ" ಅಂದರು ಇವರು. ಹಣೆಯಲ್ಲಿ ಬೆವರು. ಹೊರಗೆ ಊಟ ಮುಗಿಸಿದವರ ಸದ್ದು ಮೆಟ್ಟಿಲಲ್ಲಿ ಕೇಳಿಸತೊಡಗಿತು.

ಲಾಯ್‌ಹಾ ಚಿಕ್ಕಮ್ಮ ಗೂಡಿನ ಹೊರಗೆ ಕಂಬಗಳ ಸಂದಿಯಲ್ಲಿ ಮುಖವಿಟ್ಟು ನಿಂತಿದ್ದರು. ಬೈದು ನೋಡಿದ್ದರು, ರಮಿಸಿ ನೋಡಿದ್ದರು. ಈಗ ದನಿ ತಗ್ಗಿಸಿದರು. "ಮುದುಕಾ, ಇಲ್ಲಿ ನೋಡು. ಪುಯಿಯೀ ಮಂಡಿಯೂರಿ ಬಟ್ಟಲು ಹಿಡಿದಿದ್ದಾಳೆ ಅಂದ್ಕೋ. ಏನು ಹೇಳ್ತೀಯ ಅವಳಿಗೆ? ಒಂದ್ಸಲ ಹೇಳು, ನಾನೂ ಕೇಳ್ತೀನಿ. ಆ ದಿನ ತಡವರಿಸ್ಬೇಡ."

"ಇಬ್ರೂ ತಲೆ ಬೆಳ್ಳಗಾಗೋವರೆಗೂ..." ಎಂದು ಶುರು ಮಾಡಿದರು ಶುಯಿ ಚಿಕ್ಕಪ್ಪ. ಮುಂದಿನ ಮಾತು ಬರಲಿಲ್ಲ. ಹುಬ್ಬು ಕೂಡಿತು, ತುಟಿ ಅರ್ಧ ತೆರೆದೇ ಉಳಿಯಿತು. ಓರ್ಲಾ ಒತ್ತಿದರು. ಅಷ್ಟೂ ಕ್ಯಾಮೆರಾಗಳು ಒಮ್ಮೆಗೇ ಮಿಂಚಿದವು.

ಪರದೆಯ ಮೇಲೆ ಬಂದವನು ಮಾತಾಡಲು ಹೊರಟು ನಿಂತ ಒಬ್ಬ ಅಪ್ಪ. ಚಿಕ್ಕಮ್ಮ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ತೃಪ್ತಿಯಾದ ಮೇಲೆ ಪೂರ್ತಿ ಹೆಸರು ಹಿಡಿದು ಕರೆದರು. ಪರದೆಯವನಿಗೆ ದನಿಯಿಲ್ಲ, ಪಕ್ಕದಲ್ಲಿದ್ದ ಶುಯಿ ಚಿಕ್ಕಪ್ಪನೇ ಅವನ ಪರವಾಗಿ ಉತ್ತರ ಕೊಟ್ಟರು. ಓರ್ಲಾ ಎರಡೂ ಕೈಯಿಂದ ಲಕೋಟೆ ಕೊಟ್ಟರು. ಆ ಕಾಸು ಆ ಮಹಡಿಯವರಿಗೆಲ್ಲ ಮೊಟ್ಟೆ ಟಾರ್ಟ್ ಹಂಚುವುದರಲ್ಲಿ ಮುಗಿಯಿತು, ಸಾಲದ್ದಕ್ಕೆ ಚಿಕ್ಕಮ್ಮ ಮೇಲೆ ಹಾಕಿದರು. ಮನೆಗೆ ಬಂದು ಗಂಡನಿಗೆ ಸಾವಿನ ಸೋಂಕು ಕಳೆಯಲು ಚಕ್ಕೋತದ ಎಲೆ ಹಾಕಿ ಕುದಿಸಿದ ನೀರಿನಲ್ಲಿ ಸ್ನಾನ ಮಾಡಿಸಿ, ಮಗಳ ಕೋಣೆಯ ಬಾಗಿಲು ತಟ್ಟಿದರು.

ಮದುವೆಯ ದಿನ ಶುಯಿ ಚಿಕ್ಕಪ್ಪ ಟೀ ಕುಡಿದರು. ಹರಕೆಯ ಮಾತು ಆವತ್ತೂ ಪೂರ್ತಿಯಾಗಲಿಲ್ಲವಂತೆ, ಬಟ್ಟಲು ಮಾತ್ರ ತಳ ಕಾಣುವವರೆಗೆ ಖಾಲಿಯಾಯಿತಂತೆ. ಎರಡನೇ ದಿನ ಮತ್ತೆ ಕೆಲಸಕ್ಕೆ ಹೋದರು. ಈಗ ಗೂಡಿನೊಳಗೆ ಯಾರನ್ನಾದರೂ ಹೆಣಕ್ಕಾಗಿ ನಿಲ್ಲಿಸಿದರೆ ಹುಂಗ್ ಅಕ್ಕ ಕೆಂಪು ಲಕೋಟೆ ಹಿಡಿದು ಹೊರಗೆ ಕಾದಿರುತ್ತಾರೆ. ಲಂಡನ್ನಿನ ಲೆಕ್ಕದವರು ಇದು ಯಾವ ಬಾಬ್ತು ಎಂದು ಕೇಳಿದ್ದಕ್ಕೆ, ಊರಿಗೆ ವಾಪಸು ಬರುವ ಬಸ್ ಚಾರ್ಜು ಎಂದು ಹೇಳಿ ಕಳಿಸಿದ್ದಾರೆ.

ಕಟ್ಟೆಯ ಮೇಲೆ ಬಿಸಿಲು ಏರಿದೆ. ಕೊರಿಯಾದವರು ಮುಂದಿನ ದೃಶ್ಯಕ್ಕೆ ಬೆಳಕು ಹೊಂದಿಸುತ್ತಿದ್ದಾರೆ, ಶುಯಿ ಚಿಕ್ಕಪ್ಪನ ಕಾಲರಿಗೆ ಹೊಸ ಪಾಕ ಬಂದಿದೆ. ಬನ್ನಿನ ಕೊನೆಯ ಚೂರು ನುಂಗುತ್ತ ಅವರು ಓರ್ಲಾ ಫೋನ್ ಮಾಡಿದ್ದನ್ನು ಹೇಳುತ್ತಾರೆ. ಆ ಕಣ್ಣು ಬಿಟ್ಟವನನ್ನು ಆಕೆ ವ್ಯರ್ಥ ಮಾಡಿಲ್ಲ. ಅದೇ ಲಂಡನ್ ಸಿನಿಮಾದಲ್ಲಿ, ಯುದ್ಧಕ್ಕೆ ಮೊದಲು, ಜನ ತುಂಬಿದ ದೋಣಿಯೊಂದು ಬಂದರು ದಾಟುತ್ತದೆ. ಅದರ ಕಂಬಿ ಹಿಡಿದು ನಿಂತಿರುವ ಹಾಗೆ ಅವನನ್ನು ಹಿಂದುಗಡೆ ಇರಿಸಿದ್ದಾರಂತೆ. ತೀರ ಸಣ್ಣದಾಗಿ, ಗೊತ್ತಿದ್ದವರು ಹುಡುಕಿದರೆ ಕಾಣುವಷ್ಟು. ಲಾಯ್‌ಹಾ ಚಿಕ್ಕಮ್ಮ ಇವತ್ತಿನ ತನಕ ಗಂಡನ ಒಂದು ಸಿನಿಮಾವನ್ನೂ ನೋಡಿಲ್ಲ. ಹಬ್ಬದ ದಿನ ಟಿವಿಯಲ್ಲಿ ಬಂದರೂ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾರೆ. ಇದಕ್ಕೆ ಬರುತ್ತೇನೆ ಅಂದಿದ್ದಾರೆ.

"ಬಾಗಿಲ ಪಕ್ಕದ ಎರಡು ಸೀಟು ತಗೋಬೇಕು" ಅನ್ನುತ್ತಾರೆ ಶುಯಿ ಚಿಕ್ಕಪ್ಪ, ನೆಲ ಒರೆಸಿ ಮಲಗಲು ಜಾಗ ಮಾಡಿಕೊಳ್ಳುತ್ತ. "ದೋಣಿ ಸೀನು ಮೊದಲು ಬರುತ್ತಂತೆ. ಅಷ್ಟು ನೋಡ್ಕೊಂಡು ಅವಳು ಆಚೆ ಹೋಗಿ ಟೀ ಕುಡೀತಾ ಕೂತಿರ್ಲಿ. ಸಾಯೋದನ್ನ ನಾನೊಬ್ಬನೇ ನೋಡ್ಕೊಂಡು ಬರ್ತೀನಿ."